ಬಿಲ್ಲೆಯ ಮೇಲಿನ ಹೆಸರು

ಮಾತು ಶುರುವಾಗುವ ಮೊದಲು ನಿಲಯದವರು ನನ್ನ ಹೆಸರು ಹೇಳಿದರು. ನೀವು ಕೇಳಿರಬಹುದು, ಅಥವಾ ರೇಡಿಯೋದ ಕಿವಿ ಹಿಂಡುವುದರೊಳಗೆ ಅದು ತಪ್ಪಿಹೋಗಿರಬಹುದು. ಚಿಂತೆಯಿಲ್ಲ, ಮುಗಿದ ಮೇಲೆ ಇನ್ನೊಮ್ಮೆ ಹೇಳುತ್ತಾರೆ. ಆ ಹೆಸರು ಮೊದಲಿಗೆ ನನ್ನದಲ್ಲ. ನಮ್ಮ ಮುತ್ಯಾನ ಅಣ್ಣನದು. ಅವನು ದಂಡಿಗೆ ಹೋದ, ತಿರುಗಿ ಬರಲಿಲ್ಲ. ಹೆಸರು ಮಾತ್ರ ಮನೆಯಲ್ಲಿ ಉಳಿದಿತ್ತು. ಸುಮಾರು ನಲವತ್ತು ವರ್ಷ ಯಾರಿಗೂ ಇಡದೆ ಕಾದಿಟ್ಟು, ಕಡೆಗೆ ನನ್ನ ತೊಟ್ಟಿಲಲ್ಲಿ ಕರೆದರು.

ನಮ್ಮದು ತೊರಗಲ್ ನಾಡು. ಇಂದಿನ ನಕಾಶೆಯಲ್ಲಿ ತೊರಗಲ್ ಅಂದರೆ ರಾಮದುರ್ಗ ತಾಲ್ಲೂಕಿನ, ಮಲಪ್ರಭೆಯ ದಂಡೆಯ ಒಂದು ಹಳೆಯ ಕೋಟೆ, ಒಂದು ಊರು, ಒಂದು ಭೂತನಾಥನ ಗುಡಿ. ಶಾಸನಗಳಲ್ಲಿ ಅದು ‘ತೊರಗಲೆ ಆರು ಸಾವಿರ’ ಎಂಬ ದೊಡ್ಡ ನಾಡು. ನಾನು ಹೇಳುವ ಕಾಲಕ್ಕೆ, ಅಂದರೆ ನೂರು ವರ್ಷದ ಆಚೆಗೆ, ತೊರಗಲ್ ಕೊಲ್ಲಾಪುರದ ಅಧೀನದ ಶಿಂಧೆ ಜಹಗೀರು. ರಾಮದುರ್ಗ ಬೇರೆ, ಅದು ಭಾವೆ ಮನೆತನದ ಸಂಸ್ಥಾನ. ಸವದತ್ತಿ, ಬೈಲಹೊಂಗಲ, ಕಿತ್ತೂರಿನ ಸೀಮೆ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿದ್ದು. ಎರಡು ಹರದಾರಿ ನಡೆದರೆ ಸರಕಾರ ಬದಲಾಗುತ್ತಿತ್ತು. ಮಳೆ ಮಾತ್ರ ಎಲ್ಲ ಸರಕಾರಗಳಿಗೂ ಒಂದೇ ಸಮ ಕೈ ಕೊಡುತ್ತಿತ್ತು.

ಮುತ್ಯಾ ಮತ್ತು ಅವನ ಅಣ್ಣ, ಇಬ್ಬರಿಗೆ ಇದ್ದದ್ದು ಮಳೆಯನ್ನೇ ನಂಬಿದ ಎರೆಹೊಲ. ಜೋಳ ಬಂದರೆ ಬಂತು, ಹತ್ತಿ ಬಂದರೆ ಬಂತು. ಪಲ್ಟಣದಲ್ಲಿ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಪಗಾರ. ಹೊಲ ಕೊಡದ ರೊಕ್ಕವನ್ನು ದಂಡು ಕೊಡುತ್ತಿತ್ತು. ನಮ್ಮ ಮನೆತನ ಮರಾಠಾ ಎಂದು ಬರೆಸಿಕೊಂಡದ್ದು. ವಂಶಾವಳಿ ಹೇಳುವುದು ಮರಾಠಿಯಲ್ಲಿ, ಜಗಳಾಡುವುದು ಕನ್ನಡದಲ್ಲಿ. ಹಾಗಾಗಿ ಅವನು ಸೇರಿದ್ದು ಮರಾಠಾ ಪಲ್ಟಣ. ಆಗ ಮರಾಠಾ ಹೆಸರಿನ ಪಲ್ಟಣಗಳು ಆರು ಇದ್ದವು: 103, 105, 110, 114, 116, 117. ಮುಂದೆ 1922ರಲ್ಲಿ ಇವನ್ನೆಲ್ಲ ಒಂದೇ ರೆಜಿಮೆಂಟಿಗೆ ಸೇರಿಸಿದರು. ಬೆಳಗಾವಿಯಲ್ಲಿ ಇಂದು ನೀವು ನೋಡುವ ಮರಾಠಾ ಲಘು ಪದಾತಿ ದಳದ ಕೇಂದ್ರ ಅವುಗಳ ವಾರಸುದಾರ.

ನನ್ನ ತಿಳಿವಳಿಕೆಗೆ ಮೊದಲು ಬಂದದ್ದು ಅವನಲ್ಲ, ಅವನ ಹೆಂಡತಿ. ನಾವೆಲ್ಲ ಅವಳನ್ನು ದೊಡ್ಡಾಯಿ ಅನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂರುವ ಹೆಣ್ಣುಮಗಳು. ಮನೆಯ ಹುಡುಗರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದಳು, ನನ್ನೊಬ್ಬನನ್ನು ಬಿಟ್ಟು. ನಾನು ಅವಳಿಗೆ ಬರೀ ‘ಅಪ್ಪಾ’. ಸಣ್ಣವನಿದ್ದಾಗ ಇದು ಹೆಚ್ಚಿನ ಮಮತೆ ಎಂದು ಬೀಗುತ್ತಿದ್ದೆ. ಗಂಡನ ಹೆಸರು ಬಾಯಲ್ಲಿ ತರಬಾರದು ಎಂಬ ರೂಢಿ ಅವಳಿಗೆ ನನ್ನ ಹೆಸರನ್ನೂ ಮುಚ್ಚಿಬಿಟ್ಟಿದೆ ಎಂದು ತಿಳಿದದ್ದು ಬಹಳ ತಡವಾಗಿ.

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಕ್ಕೆ ಒಂದೇ ದಾರಿ, ಒಡಪು. ಮದುವೆಯಲ್ಲಿ, ಕುಬಸದಲ್ಲಿ, ಆರತಿಯ ಹೊತ್ತಿಗೆ ಬಾಗಿಲು ಅಡ್ಡಗಟ್ಟಿ ‘ಹೆಸರ ಹೇಳು’ ಎಂದು ಕಾಡುತ್ತಾರೆ. ಆಕೆ ಎರಡು ಸಾಲು ಪ್ರಾಸ ಕಟ್ಟಿ, ನಡುವೆ ಗಂಡನ ಹೆಸರು ಸೇರಿಸಿ, ನಾಚಿ ಒಳಗೆ ಓಡುತ್ತಾಳೆ. ಆದರೆ ಗಂಡ ಸತ್ತವಳನ್ನು ಆರತಿಗೆ ಕರೆಯುವುದಿಲ್ಲ. ಬಾಗಿಲು ಅಡ್ಡಗಟ್ಟುವವರೂ ಇಲ್ಲ. ಹದಿನಾರು ಹದಿನೇಳನೆಯ ವಯಸ್ಸಿಗೆ ದೊಡ್ಡಾಯಿಯ ಒಡಪು ಮುಗಿದುಹೋಯಿತು.

ಅವನು ಎಲ್ಲಿ ಸತ್ತ ಎಂದು ಕೇಳಿದರೆ ಮನೆಯಲ್ಲಿ ಒಂದೇ ಉತ್ತರ: ‘ಬಸರಾಕ್ಕ ಹ್ವಾದಾಂವ’. ನಮ್ಮ ಹೊಲದ ಬದುವಿನಲ್ಲಿ ಒಂದು ಬಸರಿ ಗಿಡವಿತ್ತು. ಬಸರಾ ಅಂದರೆ ಬಸರಿ ಗಿಡಗಳೇ ತುಂಬಿದ ಊರು, ತಣ್ಣನೆಯ ನೆರಳಿನ ಊರು ಎಂದು ನಾನು ಬಹಳ ದಿನ ತಿಳಿದಿದ್ದೆ. ಹೈಸ್ಕೂಲಿನ ಭೂಗೋಲದ ಪುಸ್ತಕದಲ್ಲಿ ಇರಾಕ್ ದೇಶದ ತಳದಲ್ಲಿ, ಕೊಲ್ಲಿಯ ಹತ್ತಿರ, ಅದೇ ಹೆಸರಿನ ಚುಕ್ಕೆ ಸಿಕ್ಕ ದಿನ ನನ್ನ ಗಿಡಗಳೆಲ್ಲ ಒಣಗಿದವು.

ಆ ಚುಕ್ಕೆಯ ಸುತ್ತ ಏನು ನಡೆಯಿತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. 1914ರ ನವೆಂಬರಿನಲ್ಲಿ, ತುರ್ಕಿ ಯುದ್ಧಕ್ಕಿಳಿದ ಕೂಡಲೆ, ಬ್ರಿಟಿಷರು ಹಿಂದುಸ್ತಾನದ ದಂಡನ್ನು ಹಡಗಿನಲ್ಲಿ ಬಸರಾಕ್ಕೆ ಸಾಗಿಸಿದರು. ಪರ್ಷಿಯಾದ ಎಣ್ಣೆ ಕಾಯುವುದು ಒಂದು ಕಾರಣ. ಬಸರಾ ಕೈಗೆ ಬಂದ ಮೇಲೆ ಆಸೆ ಬೆಳೆಯಿತು. ಟೈಗ್ರಿಸ್ ಹೊಳೆಯ ಗುಂಟ ಮೇಲಕ್ಕೆ, ಇನ್ನೂ ಮೇಲಕ್ಕೆ, ಬಾಗ್ದಾದಿನ ಕಡೆಗೆ. ಮುಂದೆ ಹೋದದ್ದು ಪುಣೆಯ ಹೆಸರಿನ ಆರನೆಯ ಡಿವಿಜನ್ನು, ಅದರ ಜನರಲ್ ಟೌನ್‌ಶೆಂಡ್. ಅದರೊಳಗೆ 103, 110, 117 ಈ ಮೂರೂ ಮರಾಠಾ ಪಲ್ಟಣಗಳು ಇದ್ದವು.

1915ರ ನವೆಂಬರ್ 22ರಂದು ಬಾಗ್ದಾದಿನ ಸಮೀಪದ ಸಲ್ಮಾನ್ ಪಾಕ್ ಎಂಬಲ್ಲಿ ದೊಡ್ಡ ಕಾಳಗ. ಇಂಗ್ಲಿಷ್ ಇತಿಹಾಸಗಳು ಅದನ್ನು ಟೆಸಿಫೋನ್ ಕದನ ಅನ್ನುತ್ತವೆ. ಹಳೆಯ ಪರ್ಷಿಯನ್ ದೊರೆಗಳ ಅರಮನೆಯ ಒಂದು ಭಾರಿ ಇಟ್ಟಿಗೆ ಕಮಾನು ಆ ಬಯಲಿನಲ್ಲಿ ಇಂದಿಗೂ ನಿಂತಿದೆ. ಅದರ ಕಣ್ಣ ಮುಂದೆಯೇ ಟೌನ್‌ಶೆಂಡನ ದಂಡಿನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ನಾಲ್ಕೂವರೆ ಸಾವಿರದಷ್ಟು. ಗಾಯಾಳುಗಳನ್ನು ಹೊಳೆಯ ದಂಡೆಗೆ ಒಯ್ಯಲು ಸ್ಪ್ರಿಂಗ್ ಇಲ್ಲದ ಹೇಸರಗತ್ತೆ ಬಂಡಿಗಳೇ ಗತಿ. ಎರೆಯ ದಾರಿಯಲ್ಲಿ ಖಾಲಿ ಚಕ್ಕಡಿಯ ಮೇಲೆ ಕೂತು ಹೋದವರಿಗೆ ಆ ಕುಲುಕಾಟ ಗೊತ್ತು. ಮುರಿದ ಕಾಲಿಟ್ಟುಕೊಂಡು ಅದರಲ್ಲಿ ಮಲಗಿದವರ ಪಾಡನ್ನು ನೀವೇ ಊಹಿಸಿರಿ. ಅಲ್ಲಿಂದ ದೋಣಿಗಳಲ್ಲಿ ತುಂಬಿ ಬಸರಾಕ್ಕೆ. ಮೆಜಿದಿಯೆ ಎಂಬ ಹೊಗೆದೋಣಿ ಬಸರಾ ಮುಟ್ಟಿದಾಗಿನ ಸ್ಥಿತಿಯನ್ನು ಮೇಜರ್ ಕಾರ್ಟರ್ ಎಂಬ ಡಾಕ್ಟರು ಕಂಡು ವರದಿ ಮಾಡಿದರು. ಮೇಲಿನವರಿಗೆ ಅದು ಹಿಡಿಸಲಿಲ್ಲ. ಆದರೂ ಮುಚ್ಚಿಡಲು ಆಗಲಿಲ್ಲ. 1917ರಲ್ಲಿ ಮೆಸಪೊಟೇಮಿಯಾ ಆಯೋಗದ ವರದಿ ಎಲ್ಲವನ್ನೂ ಬಯಲಿಗಿಟ್ಟಿತು.

ಉಳಿದ ದಂಡು ಹಿಂದೆ ಸರಿದು ಕೂಟ್ ಎಂಬ ಊರಿನಲ್ಲಿ ಸಿಕ್ಕಿಬಿತ್ತು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆ. ಬಿಡಿಸಲು ಬಂದ ದಂಡೂ ಸುಮಾರು 23 ಸಾವಿರ ಮಂದಿಯನ್ನು ಸಾವು ನೋವುಗಳಲ್ಲಿ ಕಳೆದುಕೊಂಡಿತು. ವಿಮಾನದಿಂದ ಹಿಟ್ಟಿನ ಚೀಲ ಎಸೆದರು, ಕೆಲವು ಹೊಳೆಯ ಪಾಲಾದವು. ಒಳಗಿದ್ದವರು ಕುದುರೆ ಕೊಯ್ದು ತಿಂದರು. ನಮ್ಮ ಸಿಪಾಯಿಗಳಲ್ಲಿ ಬಹಳ ಮಂದಿ ಅದನ್ನು ಬಹುದಿನ ಮುಟ್ಟಲಿಲ್ಲ, ಬಾರ್ಲಿಯ ಹಿಟ್ಟಿನ ಮೇಲೆ ಜೀವ ಹಿಡಿದರು. ಕಡೆಗೆ ಸುಮಾರು 13 ಸಾವಿರ ಮಂದಿ ಶರಣಾದರು. ಸೆರೆಯಾದ ಸಿಪಾಯಿಗಳನ್ನು ಮರಳುಗಾಡಿನಲ್ಲಿ ನಡೆಸಿಕೊಂಡು ಹೋಗಿ ರೈಲ್ವೆ ಹಾಕುವ ಕೆಲಸಕ್ಕೆ ದುಡಿಸಿದರು. ಬಹಳ ಮಂದಿ ದಾರಿಯಲ್ಲೇ ಬಿದ್ದರು.

ಇಲ್ಲಿ ಒಂದು ಕಾಕತಾಳೀಯ ಹೇಳದೆ ಮುಂದೆ ಹೋಗಲಾರೆ. ಕೂಟ್ ಶರಣಾದದ್ದು 1916ರ ಏಪ್ರಿಲ್ 29ಕ್ಕೆ. ಅದರ ಹಿಂದಿನ ದಿನ, ಏಪ್ರಿಲ್ 28ಕ್ಕೆ, ನಮ್ಮ ಬೆಳಗಾವಿಯಲ್ಲಿ ಲೋಕಮಾನ್ಯ ಟಿಳಕರು ಹೋಮ್‌ರೂಲ್ ಲೀಗ್ ಸ್ಥಾಪಿಸಿದರು. ಒಂದೇ ಜಿಲ್ಲೆಯ ಮಕ್ಕಳು. ಕೆಲವರು ಬೆಳಗಾವಿಯ ಮಂಟಪದಲ್ಲಿ ಸ್ವರಾಜ್ಯಕ್ಕೆ ಕೈ ಎತ್ತುತ್ತಿದ್ದಾಗ, ಕೆಲವರು ಟೈಗ್ರಿಸ್ ದಂಡೆಯಲ್ಲಿ ಸಾಮ್ರಾಜ್ಯಕ್ಕಾಗಿ ಹಸಿದು ಕೂತಿದ್ದರು. ಈ ಎರಡರ ನಡುವೆ ನಂಟೂ ಇದೆ. ಮೆಸಪೊಟೇಮಿಯಾದ ವರದಿ ಹೊರಬಿದ್ದ ಮೇಲೆ ಲಂಡನ್ನಿನಲ್ಲಿ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಬಂದ ಮಾಂಟೆಗು 1917ರ ಆಗಸ್ಟ್ 20ರಂದು, ಹಿಂದುಸ್ತಾನಕ್ಕೆ ಹಂತ ಹಂತವಾಗಿ ಜವಾಬ್ದಾರಿ ಸರಕಾರ ಕೊಡುವುದು ತಮ್ಮ ಧೋರಣೆ ಎಂದು ಸಾರಿದರು. ನಮ್ಮ ದೊಡ್ಡಮುತ್ಯಾನಂಥವರ ಸಾವು ಒಬ್ಬ ಮಂತ್ರಿಯ ಕುರ್ಚಿಯನ್ನಾದರೂ ಅಲುಗಿಸಿತು ಎಂದು ಮುಂದೆ ಪುಸ್ತಕಗಳಲ್ಲಿ ಓದಿದೆ. ದೊಡ್ಡಾಯಿಗೆ ಇದನ್ನು ಹೇಳಲು ಆಗಲಿಲ್ಲ. ಆಕೆ ಅಷ್ಟರಲ್ಲಿ ಇರಲಿಲ್ಲ.

ಆಕೆಗೆ ಬಂದದ್ದು ಬರೀ ಸುದ್ದಿ. ಹೆಣವಿಲ್ಲ, ಬೂದಿಯಿಲ್ಲ, ಉಟ್ಟ ಬಟ್ಟೆಯಿಲ್ಲ. ತಿಥಿಯೂ ತಿಳಿಯಲಿಲ್ಲವಾದ್ದರಿಂದ ಮಾನಮಿ ಅಮಾಸಿಗೆ ಎಲ್ಲ ಹಿರಿಯರ ಜೊತೆ ಅವನಿಗೂ ಎಡಿ. ಬಳೆ ಒಡೆಯುವುದು ಎಂದು? ಹೆಣ ಕಾಣದೆ ಒಡೆಯಬಾರದು ಎಂದು ಅವಳ ತವರಿನವರು, ಸರಕಾರದ ಕಾಗದ ಬಂದ ಮೇಲೆ ಏನು ಉಳಿಯಿತು ಎಂದು ಗಂಡನ ಮನೆಯವರು. ಅವಳು ಯಾರ ಮಾತನ್ನೂ ಕೇಳಲಿಲ್ಲ. ಹೊಸ್ತಿಲ ಹುಣ್ಣಿಮೆಗೆ ಚಕ್ಕಡಿ ಹೂಡಿಸಿಕೊಂಡು ಸವದತ್ತಿಯ ಗುಡ್ಡಕ್ಕೆ ಹೋದಳು.

ಆ ಹುಣ್ಣಿಮೆಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಹೆಸರುಂಟು, ರಂಡಿ ಹುಣ್ಣಿಮೆ. ಜಮದಗ್ನಿ ಹತನಾಗಿ ಯಲ್ಲಮ್ಮ ವಿಧವೆಯಾಗುವ ದಿನ. ದೇವಿಯ ಬಳೆ ಒಡೆಯುತ್ತದೆ, ಭಕ್ತ ಹೆಂಗಸರೂ ಬಳೆ ಒಡೆದುಕೊಳ್ಳುತ್ತಾರೆ. ಮುಂದೆ ಎರಡು ತಿಂಗಳಿಗೆ ಭಾರತ ಹುಣ್ಣಿಮೆ ಬರುತ್ತದೆ. ಅದು ಮುತ್ತೈದೆ ಹುಣ್ಣಿಮೆ. ಗಂಡ ಜೀವಂತವಾಗಿ ಎದ್ದು, ದೇವಿ ಮತ್ತೆ ಹಸಿರು ಬಳೆ ಇಡುತ್ತಾಳೆ. ದೊಡ್ಡಾಯಿ ದೇವಿಯ ಜೊತೆಗೇ ಬಳೆ ಒಡೆದುಕೊಂಡಳು. ಭಾರತ ಹುಣ್ಣಿಮೆಗೂ ಹೋದಳು. ಬಳೆಗಾರರ ಸಾಲಿನ ಮುಂದೆ ನಿಂತು ನೋಡಿ, ಬರಿಗೈಯಲ್ಲಿ ತಿರುಗಿ ಬಂದಳು. ಇದನ್ನು ನನಗೆ ಹೇಳಿದ್ದು ನಮ್ಮ ಅವ್ವ. ದೊಡ್ಡಾಯಿ ಆ ಬಗ್ಗೆ ಒಂದೇ ಮಾತು ಆಡುತ್ತಿದ್ದಳಂತೆ: ‘ಆಕಿ ದೇವ್ರು, ಆಕಿ ಬಳಿ ತಿರುಗಿ ಬರ್ತಾವ.’

ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಟಪಾಲಿನಲ್ಲಿ ಒಂದು ಭಾರವಾದ ಲಕೋಟೆ ಬಂತು. ಒಳಗೆ ಒಂದು ಕಂಚಿನ ಬಿಲ್ಲೆ. ಅಗಲ 12 ಸೆಂಟಿಮೀಟರು, ಅಂದರೆ ಒಂದು ಸಣ್ಣ ಜೋಳದ ರೊಟ್ಟಿಯಷ್ಟು. ಯುದ್ಧದಲ್ಲಿ ಸತ್ತ ಪ್ರತಿಯೊಬ್ಬನ ಮನೆಗೂ ಬ್ರಿಟಿಷ್ ಸರಕಾರ ಕಳಿಸಿದ ಸ್ಮರಣೆಯ ಬಿಲ್ಲೆ ಅದು. ಲಿವರ್‌ಪೂಲಿನ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ಎಂಬ ಕಲಾವಿದರು ಅದರ ಚಿತ್ರ ಮಾಡಿದವರು. ಇಂಥವು 13 ಲಕ್ಷಕ್ಕಿಂತ ಹೆಚ್ಚು ಎರಕವಾದವು. ಸತ್ತವನು ಸ್ವಾತಂತ್ರ್ಯ ಮತ್ತು ಮರ್ಯಾದೆಗಾಗಿ ಮಡಿದ ಎಂಬ ಅರ್ಥದ ಇಂಗ್ಲಿಷ್ ಸಾಲು ಅಂಚಿನ ಸುತ್ತ. ಯಾರ ಸ್ವಾತಂತ್ರ್ಯ ಎಂದು ಅಲ್ಲಿ ಹೇಳಿಲ್ಲ. ಜಲಿಯನ್‌ವಾಲಾ ಬಾಗ್ ನಡೆದದ್ದು 1919ರಲ್ಲಿ, ಆ ಬಿಲ್ಲೆಗಳು ಎರಕವಾಗುತ್ತಿದ್ದ ಕಾಲದಲ್ಲೇ.

ಒಂದು ಮಾತು ಮಾತ್ರ ಒಪ್ಪಬೇಕು. ಆ ಬಿಲ್ಲೆಯ ಮೇಲೆ ಹುದ್ದೆಯಿಲ್ಲ. ಜನರಲ್ ಆಗಲಿ, ಸಿಪಾಯಿಯಾಗಲಿ, ಬರೀ ಹೆಸರು. ಸಾವಿನಲ್ಲಿ ಎಲ್ಲರೂ ಸಮ ಎಂದು ತೋರಿಸಲು ಬೇಕೆಂದೇ ಹಾಗೆ ಮಾಡಿದ್ದು.

ದೊಡ್ಡಾಯಿಗೆ ಅಕ್ಷರ ಬರುತ್ತಿರಲಿಲ್ಲ. ಬಂದಿದ್ದರೂ ಅದು ಇಂಗ್ಲಿಷ್. ಆಕೆ ನೋಡಿದ್ದು ಚಿತ್ರ. ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ, ಕೈಯಲ್ಲಿ ತ್ರಿಶೂಲ, ಕಾಲ ಬಳಿ ಸಿಂಹ. ಬ್ರಿಟಾನಿಯಾ ಎಂದು ಇಂಗ್ಲೆಂಡಿನವರು ಗುರುತಿಸುವ ಆ ಮೂರ್ತಿಯನ್ನು ತೊರಗಲ್ ನಾಡಿನ ಹೆಣ್ಣುಮಗಳು ಬೇರೆ ಯಾರೆಂದು ತಿಳಿದಾಳು? ತುಳಜಾಪುರದ ಅಂಬಾಬಾಯಿ, ಅವನ ತಲೆಗಡೆ ಕಾವಲು ನಿಂತಿದ್ದಾಳೆ. ಬಿಲ್ಲೆ ಜಗಲಿ ಏರಿತು. ಖಂಡೋಬಾ, ಯಲ್ಲಮ್ಮರ ಬೆಳ್ಳಿಯ ಮೂರ್ತಿಗಳ ಪಕ್ಕದಲ್ಲಿ ದಿನಾಲು ಅರಿಶಿನ, ಕುಂಕುಮ, ಎಣ್ಣೆಬತ್ತಿ. ನಲವತ್ತೈದು ವರ್ಷದ ಕುಂಕುಮ ಸೇರಿ ಅಕ್ಷರಗಳೆಲ್ಲ ಹೂತುಹೋದವು.

ನಾನು ಐದನೆಯ ಇಯತ್ತೆಯಲ್ಲಿ ಇದ್ದೆ. ಅದೇ ವರ್ಷ ಇಂಗ್ಲಿಷ್ ಅಕ್ಷರ ಕಲಿತದ್ದು. ಕಂಡದ್ದನ್ನೆಲ್ಲ ಕೂಡಿಸಿ ಓದುವ ಹುಮ್ಮಸ್ಸು, ಬಸ್ಸಿನ ಬೋರ್ಡು, ಕಡ್ಡಿಪೆಟ್ಟಿಗೆ, ಚಹಾಪುಡಿಯ ಚೀಟಿ. ಖಂಡೇನವಮಿಯ ಹಿಂದಿನ ದಿನ ಮನೆಯ ಕಬ್ಬಿಣ, ಕಂಚು, ತಾಮ್ರವನ್ನೆಲ್ಲ ತಿಕ್ಕುವ ಕೆಲಸ ಹುಡುಗರ ಪಾಲಿಗೆ. ಕುಡುಗೋಲು, ಕೊಡಲಿಗಳ ಜೊತೆ ಬಿಲ್ಲೆಯೂ ನನ್ನ ಕೈಗೆ ಬಂತು. ಹುಣಸೆಹಣ್ಣು, ಬೂದಿ ಹಚ್ಚಿ ಜೋರಾಗಿ ತಿಕ್ಕಿದೆ. ಸಿಂಹದ ಬೆನ್ನ ಮೇಲೆ, ಒಂದು ಚೌಕಟ್ಟಿನೊಳಗೆ, ಉಬ್ಬಿದ ಅಕ್ಷರಗಳು ಒಂದೊಂದಾಗಿ ಎದ್ದವು. ಮೊದಲನೆಯದು, ಎರಡನೆಯದು, ಮೂರನೆಯದು. ಕೂಡಿಸಿದೆ. ನನ್ನ ಹೆಸರು.

ಹೆದರಿ ಎದ್ದು ಓಡಿ ಹೋದೆ. ‘ದೊಡ್ಡಾಯಿ, ಇದರಾಗ ನನ್ನ ಹೆಸರ ಐತಿ!’

ಆಕೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟಳು.

‘ಏನಂತ ಐತಿ? ಓದು.’

ಓದಿದೆ.

‘ನಿಂದಲ್ಲೋ ಅಪ್ಪಾ ಅದು. ಇನ್ನೊಮ್ಮೆ ಓದು.’

ಓದಿದೆ. ಆಕೆ ಬೆರಳಿನಿಂದ ಆ ಅಕ್ಷರಗಳನ್ನು ಸವರಿದಳು. ಮೂರನೆಯ ಸಲ ಓದಿಸಲಿಲ್ಲ. ಮೊರ ಎತ್ತಿಕೊಂಡು ಕೇರತೊಡಗಿದಳು. ಮಾರನೆಯ ವರ್ಷ ಖಂಡೇನವಮಿಗೆ ತಾನೇ ಬಿಲ್ಲೆಯನ್ನು ತಂದು ನನ್ನ ಮುಂದೆ ಇಟ್ಟಳು. ತಿಕ್ಕುವುದಕ್ಕಲ್ಲ, ಓದುವುದಕ್ಕೆ. ಆಕೆ ಇರುವ ತನಕ ಪ್ರತಿವರ್ಷ ಇದು ನಡೆಯಿತು. ತನ್ನ ಬಾಯಿಂದ ಹೇಳಲಾಗದ ಹೆಸರನ್ನು ಆಕೆ ನನ್ನ ಬಾಯಿಂದ ಕೇಳಿಸಿಕೊಂಡಳು. ಅದೇ ಅವಳ ಒಡಪು ಎಂದು ನನಗೆ ಈಗ ಅನ್ನಿಸುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಮಗನ ಮಗಳು ತನ್ನ ಮೊಬೈಲಿನಲ್ಲಿ ಅವನನ್ನು ಹುಡುಕಿಕೊಟ್ಟಳು. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಆಯೋಗವೊಂದಿದೆ, 1917ರಲ್ಲಿ ಶುರುವಾದದ್ದು. ಇಂದು ಅದಕ್ಕೆ ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗ ಎಂದು ಹೆಸರು. ಅದರ ದಫ್ತರದಲ್ಲಿ ತಂದೆಯ ಹೆಸರು, ಊರು, ಬೆಳಗಾಂವ ಎಂದು ಜಿಲ್ಲೆ. ಊರಿನ ಹೆಸರು ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಎಷ್ಟು ಕೆಟ್ಟಿತ್ತೆಂದರೆ, ಗಟ್ಟಿಯಾಗಿ ಮೂರು ಸಲ ಉಚ್ಚರಿಸಿದ ಮೇಲೆ ನಮ್ಮೂರು ಎಂದು ಗುರುತು ಹತ್ತಿತು. 1915ರ ನವೆಂಬರ್. ಸಲ್ಮಾನ್ ಪಾಕಿನ ತಿಂಗಳು. ಸ್ಮಾರಕ: ಬಸರಾ.

ಬಸರಾದ ಕಲ್ಲಿನ ಮೇಲೆ ಅವನ ಹೆಸರಿದೆ ಎಂದು ಖುಷಿಯಾಯಿತು. ಆ ಖುಷಿ ಬಹಳ ದಿನ ಬಾಳಲಿಲ್ಲ.

ಬಸರಾ ಸ್ಮಾರಕ 1929ರಲ್ಲಿ ಎದ್ದದ್ದು. ಸಮಾಧಿ ಇಲ್ಲದೆ ಮೆಸಪೊಟೇಮಿಯಾದಲ್ಲಿ ಕಳೆದುಹೋದ 40 ಸಾವಿರಕ್ಕೂ ಹೆಚ್ಚು ಮಂದಿಗಾಗಿ ಅದು. ಬ್ರಿಟಿಷ್ ಸಿಪಾಯಿಗಳ ಹೆಸರು ಒಂದೊಂದಾಗಿ ಕೆತ್ತಿದರು. ಹಿಂದುಸ್ತಾನದ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಹಿಂದುಸ್ತಾನದ ಸಾದಾ ಸಿಪಾಯಿಗಳಿಗೆ ಬಂದಾಗ ಪಲ್ಟಣದ ಹೆಸರು ಬರೆದು, ಮುಂದೆ ಇಷ್ಟು ಮಂದಿ ಎಂದು ಅಂಕಿ ಹಾಕಿ ಕೈ ತೊಳೆದುಕೊಂಡರು. ಸತ್ತ ಪ್ರತಿಯೊಬ್ಬನನ್ನೂ ಹೆಸರಿನಿಂದಲೇ ನೆನೆಯಬೇಕು, ಹುದ್ದೆ ಜಾತಿ ಧರ್ಮ ಎಣಿಸಬಾರದು ಎಂಬುದು ಆ ಆಯೋಗದ್ದೇ ನಿಯಮ. ಫ್ರಾನ್ಸಿನ ನೋವ್ ಶಾಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಹಿಂದುಸ್ತಾನಿ ಸಿಪಾಯಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಯುರೋಪಿನಲ್ಲಿ ಸತ್ತವನಿಗೆ ಹೆಸರು, ಬಸರಾದಲ್ಲಿ ಸತ್ತವನಿಗೆ ಅಂಕಿ. ಆ ಸ್ಮಾರಕವನ್ನೂ ಮುಂದೆ 1997ರಲ್ಲಿ ಸದ್ದಾಂ ಹುಸೇನರ ಆಜ್ಞೆಯ ಮೇಲೆ ಕಿತ್ತು, ನಾಸಿರಿಯಾ ರಸ್ತೆಯ ಬದಿಯ ಬಯಲಿಗೆ ಸಾಗಿಸಿ ನಿಲ್ಲಿಸಿದರು.

ಹಾಗಾದರೆ ದಿಲ್ಲಿಯ ಇಂಡಿಯಾ ಗೇಟ್? ಅಲ್ಲಿ ಸುತ್ತಲೂ ಹೆಸರುಗಳಿವೆಯಲ್ಲ? ಇವೆ, 13 ಸಾವಿರಕ್ಕೂ ಹೆಚ್ಚು. ಆದರೆ ಅವು ವಾಯವ್ಯ ಗಡಿನಾಡಿನಲ್ಲಿ, ಅಫ್ಘಾನ್ ಯುದ್ಧದಲ್ಲಿ ಮಡಿದವರವು. ಕಮಾನು ಮೊದಲ ಮಹಾಯುದ್ಧದ ಎಲ್ಲ ಹಿಂದುಸ್ತಾನಿ ಸಿಪಾಯಿಗಳ ಹೆಸರಿನಲ್ಲಿ ನಿಂತಿದೆ ಎಂಬುದು ನಿಜ. ಬಸರಾದವರ ಹೆಸರು ಮಾತ್ರ ಅಲ್ಲೂ ಇಲ್ಲ. ಮೆಸಪೊಟೇಮಿಯಾಕ್ಕೆ ಹೋದ ಹಿಂದುಸ್ತಾನದವರು ಆರು ಲಕ್ಷಕ್ಕೂ ಹೆಚ್ಚು. ಬೇರೆ ಯಾವ ರಣರಂಗಕ್ಕೂ ಇಷ್ಟು ಮಂದಿ ನಮ್ಮವರು ಹೋಗಲಿಲ್ಲ.

2021ರ ಏಪ್ರಿಲ್‌ನಲ್ಲಿ ಆ ಆಯೋಗವೇ ತನ್ನ ತಪ್ಪು ಒಪ್ಪಿ ವರದಿ ಹೊರಡಿಸಿತು. ಏಷ್ಯಾ, ಆಫ್ರಿಕಾದ ಸುಮಾರು 45 ಸಾವಿರದಿಂದ 54 ಸಾವಿರ ಸಿಪಾಯಿಗಳನ್ನು ಸಮನಾಗಿ ನೆನೆಯಲಿಲ್ಲ, ಇನ್ನೂ ಕಡಿಮೆಯೆಂದರೆ 1,16,000 ಮಂದಿಯನ್ನು ಹೆಸರಿನಿಂದ ನೆನೆಯಲಿಲ್ಲ, ಕೆಲವರನ್ನು ನೆನೆಯಲೇ ಇಲ್ಲ ಎಂದು ಅದರಲ್ಲಿದೆ. ಬ್ರಿಟನ್ನಿನ ರಕ್ಷಣಾ ಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಕೇಳಲಿ, ಒಳ್ಳೆಯದೇ. ಆದರೆ ಆ ಕ್ಷಮೆಯನ್ನು ಕೇಳಿಸಿಕೊಳ್ಳಬೇಕಾದವಳು ಬೀಸುವ ಕಲ್ಲಿನ ಮುಂದಿನಿಂದ ಎದ್ದು ಹೋಗಿ ಐವತ್ತು ವರ್ಷವಾಗಿತ್ತು.

ಬೈಯುವುದಕ್ಕೆ ಇಂಗ್ಲಿಷರೊಬ್ಬರೇ ಸಾಕೇ? ನಮ್ಮ ಕಡೆ ತಿರುಗಿ ನೋಡೋಣ. ತೊರಗಲ್ ನಾಡಿಗೆ ಸತ್ತ ವೀರನನ್ನು ನೆನೆಯುವುದು ಹೊಸದಲ್ಲ. ಊರ ಹೊರಗೆ, ಹನುಮಪ್ಪನ ಗುಡಿಯ ಹಿಂದೆ, ಅರ್ಧ ಹೂತ ವೀರಗಲ್ಲುಗಳನ್ನು ನೀವೆಲ್ಲ ಕಂಡಿದ್ದೀರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಗೆ ಸೂರ್ಯ ಚಂದ್ರ. ಎಷ್ಟೋ ಕಲ್ಲುಗಳ ಮೇಲೆ ಅವನ ಹೆಸರು, ಯಾವ ಊರ ದನ ಕಾಯಲು ಸತ್ತ ಎಂಬ ವಿವರ. ಸಾವಿರ ವರ್ಷದ ಹಿಂದಿನ ದನಗಾಯುವವನಿಗೆ ಇದ್ದ ಕಲ್ಲು ನೂರು ವರ್ಷದ ಹಿಂದಿನ ಸಿಪಾಯಿಗೆ ಇಲ್ಲ. ಇದ್ದ ಕಲ್ಲುಗಳ ಮೇಲೂ ನಾವು ಬಟ್ಟೆ ಒಗೆದೆವು.

ಕಿತ್ತೂರನ್ನೇ ನೋಡಿರಿ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. ಅವನ ಅಣ್ಣನ ಮಗ ಇಂಗ್ಲಿಷಿನ ಹೆಸರಾಂತ ಕಾದಂಬರಿಕಾರ ಥ್ಯಾಕರೆ. ಧಾರವಾಡದಲ್ಲಿ ಆ ಕಲೆಕ್ಟರನ ಸ್ಮಾರಕ ನಿಂತಿದೆ, ಹೆಸರು ಕಲ್ಲಿನಲ್ಲಿದೆ. ಅವನಿಗೆ ಗುಂಡಿಟ್ಟ ಅಮಟೂರ ಬಾಳಪ್ಪನ ಹೆಸರನ್ನು ಆಗ ಯಾವ ಸರಕಾರವೂ ಕಲ್ಲಿನಲ್ಲಿ ಬರೆಯಲಿಲ್ಲ. ಆದರೂ ಬೈಲಹೊಂಗಲದ ಸೀಮೆಯಲ್ಲಿ ಆ ಹೆಸರು ತಿಳಿಯದ ಕೂಸಿಲ್ಲ. ಲಾವಣಿಯವರು, ಗೀಗೀ ಮೇಳದವರು ಅದನ್ನು ತಲೆಯಿಂದ ತಲೆಗೆ ದಾಟಿಸಿದರು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಮೇಲೆ ಅವನ ಸಮಾಧಿಯ ಆಲದ ಮರಕ್ಕೆ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಬೇಡಿಕೊಳ್ಳುತ್ತ ಬಂದಿದ್ದಾರೆ. ಅವನಂಥ ಮಗ ಹುಟ್ಟಲಿ ಎಂದು. ಹೆಸರು ಉಳಿಯಬೇಕಾದರೆ ಕಲ್ಲೇ ಬೇಕೆಂದಿಲ್ಲ, ಹೇಳುವ ಬಾಯಿ ಬೇಕು.

ಬಸರಾಕ್ಕೆ ಹೋದವರಿಗೆ ಈ ಬಾಯಿಯೂ ಸಿಗಲಿಲ್ಲ. ಅದಕ್ಕೆ ಕಾರಣವೂ ಇದೆ. ಅವರು ಹೊಡೆದಾಡಿದ್ದು ಯಾರ ಪರವಾಗಿ? ಥ್ಯಾಕರೆಯ ಮಂದಿಯ ಪರವಾಗಿ. ಸ್ವಾತಂತ್ರ್ಯ ಬಂದ ಮೇಲೆ ಅವರನ್ನು ವೀರರು ಅನ್ನಲು ನಮಗೆ ಮುಜುಗರವಾಯಿತು, ದ್ರೋಹಿಗಳು ಅನ್ನಲು ಮನಸ್ಸು ಬರಲಿಲ್ಲ. ಎರಡೂ ಅನ್ನದೆ ಸುಮ್ಮನಾದೆವು. ನನ್ನ ಎಣಿಕೆ ಬಹಳ ಸರಳ. ಅವನು ಇಪ್ಪತ್ತೆರಡರ ಹುಡುಗ. ಎರೆಹೊಲ, ಕೈಕೊಟ್ಟ ಮಳೆ, 11 ರೂಪಾಯಿ. ಅವನ ಯುದ್ಧವನ್ನು ಒಪ್ಪದೆಯೂ ಅವನನ್ನು ನೆನೆಯಬಹುದು. ಮನೆಯ ಸತ್ತವರಿಗೆ ಎಡಿ ಇಡುವಾಗ ನಾವು ಅವರ ಸರಿ ತಪ್ಪುಗಳ ಪಟ್ಟಿ ಓದುತ್ತೇವೆಯೇ?

ಇಂದು ಕಾಲ ಬದಲಾಗಿದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿ, ಜೀವಂತವಾಗಿ ಹೊರಬಂದು, ದಿಲ್ಲಿಯಲ್ಲಿ ತೀರಿಕೊಂಡ ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಹೆಸರನ್ನು ಇಡೀ ದೇಶ ಉಚ್ಚರಿಸಿತು. ಅವರ ದೇಹ ಊರಿಗೆ ಬಂತು, ಊರು ಕಣ್ತುಂಬ ನೋಡಿ ಮಣ್ಣು ಕೊಟ್ಟಿತು. ಇದು ಆಗಬೇಕಾದದ್ದೇ. ಬೆಳಗಾವಿಯ ಮರಾಠಾ ಕೇಂದ್ರದಲ್ಲಿ ಶರ್ಕತ್ ಯುದ್ಧ ಸ್ಮಾರಕವಿದೆ. ಅದು 1918ರ ಅಕ್ಟೋಬರಿನ ಕೊನೆಗೆ ಮೆಸಪೊಟೇಮಿಯಾದಲ್ಲಿ ನಡೆದ ಕೊನೆಯ ಕಾಳಗದ ಹೆಸರು, 114ನೆಯ ಮರಾಠಾ ಪಲ್ಟಣ ಹೆಸರು ಗಳಿಸಿದ ಕಾಳಗ. ಅಲ್ಲಿ ಇಂದೂ ಹೂವಿನ ಚಕ್ರ ಇಡುತ್ತಾರೆ. ದಂಡು ತನ್ನವರನ್ನು ಮರೆತಿಲ್ಲ. ಮರೆತದ್ದು ಮನೆಗಳು, ಊರುಗಳು.

ಆದ್ದರಿಂದ ನನ್ನದೊಂದು ವಿನಂತಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಕೇಳುಗರಿಗೆ ವಿಶೇಷವಾಗಿ. ನಿಮ್ಮ ಮನೆಯ ಜಗಲಿ ನೋಡಿರಿ, ಅಟ್ಟದ ಮೇಲಿನ ಟ್ರಂಕು ನೋಡಿರಿ, ಮೊಸರ ಗಡಿಗೆಯ ಮೇಲಿನ ಮುಚ್ಚಳ ನೋಡಿರಿ. ಅಂಗೈಗಿಂತ ಅಗಲದ ಕಂಚಿನ ಬಿಲ್ಲೆ, ಮೇಲೆ ಹೆಣ್ಣು, ಸಿಂಹ. ಸಿಕ್ಕರೆ ಮೋಡಕಾಕಾರನಿಗೆ ತೂಕಕ್ಕೆ ಹಾಕಬೇಡಿರಿ. ಹುಣಸೆಹಣ್ಣಿನಿಂದ ಮೆಲ್ಲಗೆ ತಿಕ್ಕಿ ಹೆಸರು ಓದಿರಿ. ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದಿಡಿರಿ. ಅವನು ಯಾರ ಮಗ, ಯಾವ ಓಣಿ, ಹೆಂಡತಿ ಯಾವ ಊರಿನವಳು, ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಬಿಲ್ಲೆ ಇಲ್ಲದಿದ್ದರೂ ‘ಬಸರಾಕ್ಕ ಹ್ವಾದಾಂವ’ ಎಂಬ ಮಾತಿದ್ದರೆ ಅದನ್ನೂ ಬರೆಯಿರಿ. 1939ರ ಯುದ್ಧದವರು, 62, 65, 71ರವರು, ಎಲ್ಲರದೂ. ಊರ ಸಾಲೆಯ ಗೋಡೆಯ ಮೇಲೆ ಒಂದು ಮೊಳ ಜಾಗ ಸಿಕ್ಕರೆ ಬಣ್ಣದಿಂದ ಬರೆಸಿರಿ. ಕಲ್ಲು ಬೇಕೆಂದು ಕಾಯಬೇಡಿರಿ. ವರ್ಷಕ್ಕೊಮ್ಮೆ ಒಂದು ಹುಡುಗಿಯೋ ಹುಡುಗನೋ ಅದನ್ನು ಗಟ್ಟಿಯಾಗಿ ಓದಿದರೆ ಸಾಕು.

ನಮ್ಮ ಬಿಲ್ಲೆ ಇನ್ನೂ ಜಗಲಿಯ ಮೇಲಿದೆ. ಈಗ ಖಂಡೇನವಮಿಗೆ ಅದನ್ನು ಓದುವವಳು ಮೊಮ್ಮಗಳು. ಕುಂಕುಮವನ್ನು ಬ್ರಿಟಾನಿಯಾಳ ಹಣೆಗೆ ಮಾತ್ರ ಇಡುತ್ತೇವೆ, ಅಕ್ಷರಗಳಿಗೆ ಇಡುವುದಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಿತು. ನಿಲಯದವರು ಈಗ ಹೆಸರು ಹೇಳುತ್ತಾರೆ. ಅದು ಅವನದು. ದಯವಿಟ್ಟು ಅದನ್ನು ಕೇಳಿ ರೇಡಿಯೋ ಬಂದ್ ಮಾಡಿರಿ.